ಚೀಲ ಬಿಚ್ಚದೆ ಬಿಟ್ಟ ಪಾಠ

ಊಟದ ತಟ್ಟೆಯಲ್ಲಿ ಒಂದು ಕೂದಲು ಸಿಕ್ಕರೂ ಈಗ ನಾನು ಎದ್ದುಬಿಡುತ್ತೇನೆ. ಮೊದಮೊದಲು ಹೆಂಡತಿ ಸಿಟ್ಟಾದಳು. "ನನ್ನ ಕೂದಲಾನ ಐತಿ, ವಿಷ ಅಲ್ಲ," ಎಂದಳು. ಈಗ ಸುಮ್ಮನೆ ತಟ್ಟೆ ಬದಲಿಸಿ ಕೊಡುತ್ತಾಳೆ. ಅಷ್ಟರೊಳಗೆ ನನ್ನ ಕಣ್ಣ ಮುಂದೆ ಶಾಲೆಯ ಗೇಟಿನ ಹೊರಗಿನ ಬೇವಿನ ಮರ, ಅದರ ಕೆಳಗೆ ಹರಡಿ ಬಿದ್ದ ಕೂದಲ ರಾಶಿ, ಪಕ್ಕದಲ್ಲಿ ಕಿವಿ ಹಿಡಿದುಕೊಂಡು ಕೂತ ಒಬ್ಬ ಮನುಷ್ಯ ಬಂದು ಹೋಗಿರುತ್ತಾರೆ. ಅವತ್ತು ಅವನನ್ನು ನಾವು ಕೊಂದೇಬಿಡುತ್ತಿದ್ದೆವು. 'ನಾವು' ಎಂದು ಬರೆಯಲು ನನಗೆ ಬಹಳ ದಿನ ಹಿಡಿಯಿತು.

ಗಡಿಯಾಚೆಯ ಮರಾಠಿ ನಾಡಿಗೆ ಸೇರಿದ ಜತ್ತ ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ವಿಜ್ಞಾನ ಕಲಿಸುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಡಫಳಾಪುರದ ಕಡೆಯಿಂದ ದಿನಾ ಬೈಕಿನ ಮೇಲೆ ಹೋಗಿ ಬರುತ್ತೇನೆ. ನನ್ನ ಮನೆಮಾತು ಕನ್ನಡ, ಹತ್ತನೆಯವರೆಗೆ ಓದಿದ್ದೂ ಕನ್ನಡದಲ್ಲಿ. ಆಮೇಲೆ ಸಾಂಗಲಿಯ ಕಾಲೇಜು, ಮರಾಠಿ ಗೆಳೆಯರು, ಮರಾಠಿಯಲ್ಲಿ ಬಿ.ಎಡ್. ಹೀಗಾಗಿ ನನ್ನ ತಲೆಯಲ್ಲಿ ಎರಡು ಕೋಣೆಗಳಿವೆ. ಮನೆಯ ಮಾತೆಲ್ಲ ಒಂದರಲ್ಲಿ, ಓದಿನ ಮಾತೆಲ್ಲ ಇನ್ನೊಂದರಲ್ಲಿ. ನಡುವಿನ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ ಎಂದು ನಾನು ನಂಬಿದ್ದೆ.

ಆ ತಿಂಗಳು ನಮಗೆ ಎರಡು ದಿನ ತರಬೇತಿ ಇತ್ತು. ವಿಷಯ, ಅಮೂರ್ತ ಸಂಕಲ್ಪನೆಗಳನ್ನು ಕೃತಿಯ ಮೂಲಕ ಕಲಿಸುವುದು. ಕೈಗೆ ಸಿಗದ, ಕಣ್ಣಿಗೆ ಕಾಣದ ವಿಚಾರವನ್ನು ಮಕ್ಕಳ ಕೈಗೆ ಕೊಟ್ಟು ಆಡಿಸಬೇಕು, ಅದರ ಫೋಟೋ ತೆಗೆದು ಸಂಜೆಯೊಳಗೆ ಗ್ರೂಪಿಗೆ ಹಾಕಬೇಕು. ತರಬೇತಿ ಕೊಟ್ಟವರು ಪರದೆಯ ಮೇಲೆ ಮರಾಠಿಯಲ್ಲಿ ಮೂರು ಪದ ತೋರಿಸಿದರು: ನಿರೀಕ್ಷಣ, ಅನುಮಾನ, ಪಡತಾಳಣಿ. ಕಂಡದ್ದನ್ನು ಬರೆಯುವುದು, ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು, ಆಮೇಲೆ ಸರಿಯೋ ತಪ್ಪೋ ನೋಡುವುದು. ನಾನು ಮೂರನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಅನುವಾದದ ಅಗತ್ಯವೇ ಕಾಣಲಿಲ್ಲ.

ಅನುಮಾನ ಎಂಬ ಪದಕ್ಕೆ ಮರಾಠಿ ವಿಜ್ಞಾನದಲ್ಲಿ ತರ್ಕ ಎಂದು ಅರ್ಥ. ಪುಸ್ತಕದ ಕನ್ನಡದಲ್ಲೂ ಆ ಅರ್ಥವಿದೆ. ಆದರೆ ನಮ್ಮ ಮನೆಗಳಲ್ಲಿ ಅನುಮಾನ ಎಂದರೆ ಸಂಶಯ, ಒಬ್ಬ ಮನುಷ್ಯನ ಮೇಲೆ ಕೂರುವ ಸಂಶಯ. ನಮ್ಮವ್ವ ಹಾಲಿನವನ ಮೇಲೆ ಜೀವನಪೂರ್ತಿ ಅನುಮಾನಪಟ್ಟಳು. ಪಕ್ಕದ ಮನೆಯ ಗಂಡ ಹೆಂಡತಿಯ ಮೇಲೆ ಅನುಮಾನಪಟ್ಟು ಊರೇ ಬಿಟ್ಟುಹೋದ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಗೊತ್ತು ಇನ್ನೊಂದು ಕೋಣೆಯಲ್ಲಿತ್ತು.

ಏಳನೆಯ ತರಗತಿಗೆ ಒಂದು ಖಾಲಿ ಗೊಬ್ಬರದ ಚೀಲ ಒಯ್ದೆ. ಅದರೊಳಗೆ ಸಿಪ್ಪೆ ಪೂರ್ತಿ ಸುಲಿಯದ ಒಂದು ತೆಂಗಿನಕಾಯಿ, ಎರಡು ಗೋವಿನಜೋಳದ ತೆನೆ, ಒಂದು ಸ್ಟೀಲ್ ಲೋಟ ಹಾಕಿ ಬಾಯಿಗೆ ಸುತಳಿ ಕಟ್ಟಿದ್ದೆ. ಚೀಲದ ಮೂಲೆಯಲ್ಲಿ ಒಂದು ತೂತಿತ್ತು. ಅಲ್ಲಿಂದ ಕಾಯಿಯ ನಾರು ಸ್ವಲ್ಪ ಹೊರಗೆ ಇಣುಕುತ್ತಿತ್ತು. ಹಲಗೆಯ ಮೇಲೆ ಮೂರು ಕಾಲಮ್ ಹಾಕಿ ತಲೆಬರಹ ಬರೆದೆ. ಒಬ್ಬೊಬ್ಬರಾಗಿ ಬಂದು ಚೀಲವನ್ನು ಒತ್ತಿ, ಅಲುಗಾಡಿಸಿ, ಮೂಸಿ ನೋಡಬೇಕು. ಬಿಚ್ಚುವ ಹಾಗಿಲ್ಲ.

"ಯಾಕ್ರಿ ಸರ್, ಬಿಚ್ಚಿದ್ರ ಲಗೂನ ಗೊತ್ತಾಗ್ತದಲ್ರಿ," ಎಂದ ಮುಂದಿನ ಸಾಲಿನ ವಾಚಾಳಿ ಹುಡುಗ.

ಆಗ ನಾನು ಒಂದು ಭಾಷಣ ಮಾಡಿದೆ. ಸೂರ್ಯನನ್ನು ಯಾರೂ ಬಿಚ್ಚಿ ನೋಡಿಲ್ಲ, ಭೂಮಿಯ ನಡುಗರ್ಭಕ್ಕೆ ಯಾರೂ ಇಳಿದಿಲ್ಲ, ಆದರೂ ಒಳಗೆ ಏನಿದೆ ಎಂದು ಗೊತ್ತು. ಹೊರಗಿನಿಂದ ನೋಡಿಯೇ ಒಳಗಿನದನ್ನು ಹೇಳಬಲ್ಲವನು ವಿಜ್ಞಾನಿ. ಮಕ್ಕಳು ಬಾಯಿ ತೆರೆದು ಕೇಳಿದರು. ನನ್ನ ದನಿ ನನಗೇ ಹಿತವಾಗಿ ಕೇಳಿಸಿತು.

ವಾಚಾಳಿ ಹುಡುಗ ತೂತಿನಿಂದ ಬಂದ ನಾರನ್ನು ಎಳೆದು, "ಸರ್, ಕೂದಲಾ ಹತ್ತತಾವ್ರಿ! ಮನುಷ್ಯಾರ ತಲಿ ಐತ್ರಿ ಒಳಗ!" ಎಂದು ಕೂಗಿದ.

"ನಿಂದ ಇರ್ಬೇಕ ನೋಡಲೇ. ಮ್ಯಾಲ ಖಾಲಿ ಐತಿ, ಇಲ್ಲಿ ಮರತ ಬಿಟ್ಟಿ," ಎಂದು ಹಿಂದಿನಿಂದ ಇನ್ನೊಬ್ಬ.

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಕ್ಕು, ಹಲಗೆಯ ಮೇಲೆ 'ಕೂದಲು' ಎಂದು ನಿರೀಕ್ಷಣೆಯ ಕಾಲಮ್ಮಿನಲ್ಲಿ ಬರೆದು, 'ತಲೆ' ಎಂದು ಅನುಮಾನದ ಕಾಲಮ್ಮಿನಲ್ಲಿ ಬರೆದೆ. ಯಾವ ಅನುಮಾನವನ್ನೂ ಅಲ್ಲಗಳೆಯಬಾರದು, ಎಲ್ಲವನ್ನೂ ಬರೆದಿಡಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮಕ್ಕಳಿಗೂ ಹಾಗೆಯೇ ಹೇಳಿದೆ.

ಆ ತರಗತಿಯಲ್ಲಿ ಕುರಿಯವರ ಮನೆಯ ಒಬ್ಬಳು ಹುಡುಗಿ ಇದ್ದಾಳೆ. ಅಪ್ಪ ಅವ್ವ ಕುರಿಗಳ ಹಿಂದೆ ತಿಂಗಳುಗಟ್ಟಲೆ ದೂರ ಹೋಗುತ್ತಾರೆ. ಅವಳು ಅಜ್ಜಿಯ ಹತ್ತಿರ ಇದ್ದು ಶಾಲೆಗೆ ಬರುತ್ತಾಳೆ. ಮಾತು ಕಡಿಮೆ, ಕಣ್ಣು ಚುರುಕು. ಅವಳು ಚೀಲವನ್ನು ಒಂದೇ ಸಲ ಎತ್ತಿ ಇಳಿಸಿ, "ಕಾಯಿ ಐತ್ರಿ. ನೀರ ಅಲ್ಲಾಡತಾವು," ಎಂದಳು. ನೀನು ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ.

"ಕುರಿ ಹಿಕ್ಕಿ ನೋಡಿ ಹೇಳತೀವಲ್ರಿ, ಹಂಗ. ಹಿಕ್ಕಿ ಹಸಿ ಇದ್ರ ಕುರಿ ಈಗ ಹ್ವಾದಾವು. ಒಣಗಿದ್ರ ನಿನ್ನೆ."

"ಶಾಭಾಸ್! ಅದೇ ಅನುಮಾನ," ಎಂದೆ.

ಅವಳು ತಲೆ ಅಲ್ಲಾಡಿಸಿ, "ಅನುಮಾನ ಅಲ್ರಿ ಸರ್. ಆಮ್ಯಾಲ ಹೋಗಿ ನೋಡ್ತೀವ್ರಿ, ಕುರಿ ಅದಾವೋ ಇಲ್ಲೋ," ಎಂದಳು.

ನನಗೆ ಅದು ಕೇಳಿಸಿತು. ಆದರೆ ಹೊರಗೆ ಮುಖ್ಯಾಧ್ಯಾಪಕರು ಮೊಬೈಲ್ ಹಿಡಿದು ನಿಂತಿದ್ದರು. "ಫೋಟೋ ಹೊಡಕೊಳ್ರಿ ಸರ್, ಲಗೂನ. ರೇಂಜ್ ಇದ್ದಾಗ ಹಾಕೂಣು," ಎಂದರು. ಮಕ್ಕಳನ್ನು ಚೀಲದ ಸುತ್ತ ನಿಲ್ಲಿಸಿ ಫೋಟೋ ತೆಗೆದೆವು. ಹಲಗೆಯ ಮೇಲೆ ಎರಡು ಕಾಲಮ್ ತುಂಬಿದ್ದವು. ಪಡತಾಳಣಿಯ ಕೆಳಗೆ ಏನೂ ಇರಲಿಲ್ಲ. ಫೋಟೋದಲ್ಲಿ ಅದು ಯಾರಿಗೂ ಕಾಣುವುದಿಲ್ಲ, ಹುಡುಗರ ತಲೆ ಅಡ್ಡ ಬಂದಿದೆ. ಗಂಟೆ ಹೊಡೆಯಿತು. "ಬಿಚ್ಚೂಣ್ರಿ ಸರ್?" ಎಂದಳು ಆ ಹುಡುಗಿ. "ನಾಳೆ," ಎಂದೆ. ಚೀಲವನ್ನು ಹಾಗೆಯೇ ಕಪಾಟಿನ ಮೇಲೆ ಇಟ್ಟೆ. ಮನೆಗೆಲಸವೆಂದು, ನಾಳೆಯೊಳಗೆ ನೀವು ಕಂಡ ಒಂದು ಸಂಗತಿಯ ಬಗ್ಗೆ ಮೂರು ಕಾಲಮ್ ಮಾಡಿ ಬರೆಯಿರಿ ಎಂದು ಹೇಳಿ ಕಳಿಸಿದೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಬರೆದುಬಿಡಬೇಕು. ಆ ವಾರ ಎಲ್ಲರ ಮೊಬೈಲಿಗೂ ಒಂದು ಮರಾಠಿ ಸಂದೇಶ ಬಂದಿತ್ತು. ಮಕ್ಕಳನ್ನು ಎತ್ತಿಕೊಂಡು ಹೋಗುವ ಟೋಳಿ ನಮ್ಮ ಕಡೆ ಬಂದಿದೆ, ಗೋಣಿಚೀಲ ಹೊತ್ತ ಅಪರಿಚಿತರು ಕಂಡರೆ ಎಚ್ಚರ, ಎಂದು. ಜೊತೆಗೆ ಎಲ್ಲಿಯದೋ ಒಂದು ಮಸುಕು ಚಿತ್ರ. ಅದು ಸುಳ್ಳಿರಬೇಕೆಂದು ನನಗೆ ಅನ್ನಿಸಿತ್ತು. ಅನ್ನಿಸಿಯೂ, ಮುಖ್ಯಾಧ್ಯಾಪಕರು ಹೇಳಿದರೆಂದು, ಪಾಲಕರ ಗ್ರೂಪಿಗೆ ಅದನ್ನು ಕಳಿಸಿದವನು ನಾನೇ. ಮೇಲೆ 'ಕಾಳಜಿ ಇರಲಿ' ಎಂದು ಎರಡು ಪದ ಸೇರಿಸಿದ್ದೆ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಮನುಷ್ಯ ಬಂದ. ನಮ್ಮ ಕಡೆ ಕೂದಲು ಕೊಳ್ಳಲು ಸಾಮಾನ್ಯವಾಗಿ ಬುಟ್ಟಿ ಹೊತ್ತ ಹೆಂಗಸರು ಬರುತ್ತಾರೆ. ಮನೆಯ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿನಲ್ಲಿ ಇಟ್ಟಿರುತ್ತಾರೆ. ಅದನ್ನು ಕೊಟ್ಟರೆ ಬದಲಿಗೆ ಸ್ಟೀಲಿನ ಪಾತ್ರೆ. ಇವನು ಗಂಡಸು, ಹೊಸಬ. ಮೋಟರ್‌ಸೈಕಲ್ಲಿನಲ್ಲಿ ಪಾತ್ರೆ ಕಟ್ಟಿಕೊಂಡು ಹೊಲಗಳ ನಡುವಿನ ವಸ್ತಿಗಳಿಗೆ ತಿರುಗುತ್ತಿದ್ದವನು. ದೊಡ್ಡ ರಸ್ತೆಯಿಂದ ಊರಿಗೆ ತಿರುಗುವ ಫಾಟಾದ ಹತ್ತಿರ ಗಾಡಿ ಪಂಕ್ಚರ್ ಆಗಿ, ಅದನ್ನು ಪಾತ್ರೆಗಳ ಸಮೇತ ಚಹಾದಂಗಡಿಯ ಮುಂದೆ ಬಿಟ್ಟು, ಕೂದಲಿನ ಚೀಲ ಮಾತ್ರ ಹೆಗಲಿಗೆ ಹಾಕಿಕೊಂಡು ಪಂಕ್ಚರ್ ತೆಗೆಯುವವನನ್ನು ಕರೆಯಲು ಊರೊಳಗೆ ನಡೆದು ಬಂದಿದ್ದ. ಇವೆಲ್ಲ ನಮಗೆ ಆಮೇಲೆ ಗೊತ್ತಾದವು. ಆಗ ಕಂಡದ್ದು, ಶಾಲೆಯ ಗೇಟಿನೆದುರಿನ ಪಂಕ್ಚರ್ ಅಂಗಡಿಯವ ಊಟಕ್ಕೆ ಹೋಗಿದ್ದರಿಂದ ಬೇವಿನ ನೆರಳಿನಲ್ಲಿ ಕೂತ ಒಬ್ಬ ಅಪರಿಚಿತ, ಪಕ್ಕದಲ್ಲಿ ಬಾಯಿ ಕಟ್ಟಿದ ಒಂದು ಚೀಲ, ಚೀಲದ ತೂತಿನಿಂದ ಇಳಿಬಿದ್ದ ಒಂದು ಉದ್ದ ಕೂದಲ ಎಳೆ.

ಮಕ್ಕಳು ಕಂಪೌಂಡಿನ ಮೇಲಿಂದ ಅವನನ್ನು ನೋಡುತ್ತ ನಿಂತವು. ಅವನು ಕಿಸೆಯಿಂದ ಪೆಪ್ಪರಮೆಂಟು ತೆಗೆದು ಕೊಟ್ಟ. ಹಿಂದಿ ಕಲಸಿದ ಮುರುಕು ಮರಾಠಿಯಲ್ಲಿ, ಮನೆಯಲ್ಲಿ ಯಾರಿದ್ದಾರೆ, ಅವ್ವ ಇದ್ದಾಳೇನು ಎಂದು ಕೇಳಿದ. ಕೂದಲು ಕೊಳ್ಳುವವರೆಲ್ಲ ಕೇಳುವ ಮಾತು ಅದು. ಮಕ್ಕಳಿಗೆ ಮನೆಗೆಲಸ ನೆನಪಾಯಿತು. ಕುರಿಯವರ ಹುಡುಗಿ ವಹಿ ತೆಗೆದು ಅಲ್ಲಿಯೇ ಕಾಲಮ್ ಹಾಕಿ ಬರೆಯತೊಡಗಿದಳು. ಉಳಿದವರು ಹೇಳಿಕೊಟ್ಟರು. ಬರೆದು ಮುಗಿಯುವುದರೊಳಗೆ ವಾಚಾಳಿ ಹುಡುಗ ಆ ಹಾಳೆಯನ್ನು ಹರಿದುಕೊಂಡು ಓಡಿದ. ಓಡಿದ್ದು ನನ್ನ ಹತ್ತಿರ ಅಲ್ಲ. ಶಾಲಾ ಸಮಿತಿಯ ಅಧ್ಯಕ್ಷರ ಮನೆ ಗೇಟಿಗೆ ಸನಿಹ, ಅಲ್ಲಿಗೆ.

ನಾನು ಕೋಣೆಯಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಹೊರಗೆ ಗಲಾಟೆ ಕೇಳಿ ಎದ್ದು ಹೋದಾಗ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಆ ಮನುಷ್ಯನನ್ನು ಮರಕ್ಕೆ ಒರಗಿಸಿ ಇಬ್ಬರು ಹಿಡಿದಿದ್ದರು. ಆಗಲೇ ಒಂದೆರಡು ಏಟು ಬಿದ್ದಿದ್ದವು. ಕಿವಿಯ ಹತ್ತಿರ ರಕ್ತ ಇತ್ತು. ಅವನು ಎರಡೂ ಕಾಲುಗಳ ನಡುವೆ ಚೀಲವನ್ನು ಒತ್ತಿ ಹಿಡಿದಿದ್ದ. ಅಧ್ಯಕ್ಷರು ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು.

"ಚೀಲದಿಂದ ಕೂದಲಾ ಹೊರಗ ಬಂದಾವ. ಪೆಪ್ಪರಮೆಂಟ ಕೊಡತಾನ. ಮನ್ಯಾಗ ಯಾರ ಅದಾರ ಅಂತ ಕೇಳತಾನ. ಅನುಮಾನ, ಹುಡುಗೂರ ಕಳ್ಳ!" ಅವರು ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ನೋಡ್ರಿ, ಸಾಲಿ ಹುಡುಗೂರು ಬರದಾರ. ಸಣ್ಣ ಹುಡುಗೂರಿಗೆ ತಿಳದದ್ದು ನಮಗ ತಿಳೀಲಿಲ್ಲ."

"ಕೂಸು ಒಳಗೈತಿ. ಕೂದಲಾ ನೋಡ್ರಿ, ಹೆಣ್ಣ ಕೂಸು," ಎಂದ ಒಬ್ಬ.

"ಏನ ಐತ್ಯೋ ಚೀಲದಾಗ? ಬೊಗಳು!" ಎಂದು ಇನ್ನೊಬ್ಬ ಅವನ ಕೆನ್ನೆಗೆ ಬಾರಿಸಿದ.

ಆ ಮನುಷ್ಯ ಅಳುತ್ತ ಹೇಳಿದ, "ಬಾಲ ಹೈ ಸಾಹೇಬ, ಬಾಲ ಹೈ! ಇಸ್ಮೆ ಬಾಲ ಹೈ!"

ಅವನು ಹಿಂದಿಯಲ್ಲಿ ಕೂದಲು ಎಂದಿದ್ದ. ಆದರೆ ಮರಾಠಿಯಲ್ಲಿ ಬಾಳ ಎಂದರೆ ಹಸುಗೂಸು. ಅಲ್ಲಿದ್ದವರೆಲ್ಲರ ಕಿವಿ ಮರಾಠಿಯ ಕಿವಿ. ಹಿಂದಿ ಯಾರಿಗೂ ಬರುತ್ತಿರಲಿಲ್ಲ ಎಂದಲ್ಲ, ದಿನಾ ಟಿವಿಯಲ್ಲಿ ಕೇಳುತ್ತಾರೆ, ಕೂದಲಿನ ಎಣ್ಣೆಯ ಜಾಹೀರಾತು ಬಾಯಿಪಾಠ ಇದೆ. ಆದರೂ ಕೇಳಬೇಕೆಂದಿದ್ದದ್ದನ್ನೇ ಕೇಳಿದರು. ಅತ್ಯಂತ ಹೇಸಿಗೆಯ ಮಾತೆಂದರೆ, ಕಾಲೇಜು ಓದಿದ ನಾನೂ ಬಾಳ ಎಂದೇ ಕೇಳಿದೆ.

"ಒಪ್ಪಿಕೊಂಡ! ಅಂವನ ಬಾಯಿಂದಾನ ಒಪ್ಪಿಕೊಂಡ!"

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಊಟ ಬಿಟ್ಟು ಓಡಿಬಂದಿದ್ದ ಪಂಕ್ಚರ್ ಅಂಗಡಿಯವನ ಕೈಯಲ್ಲಿ ಟಾಯರ್ ಬಿಚ್ಚುವ ಕಬ್ಬಿಣದ ಪಟ್ಟಿ. ಒಬ್ಬ ಮುದುಕ ಕಲ್ಲು ಹುಡುಕುತ್ತ ಬಗ್ಗಿದ್ದು. ಮೂರು ನಾಲ್ಕು ಮೊಬೈಲ್‌ಗಳು ಮೇಲೆದ್ದದ್ದು. ಒಬ್ಬ ತನ್ನ ಗೆಳೆಯನಿಗೆ "ಸರಿ ಸ್ವಲ್ಪ, ಮಾರಿ ಕಾಣವಲ್ದು," ಎಂದದ್ದು. ಕೆಲವರು ನಗುತ್ತಿದ್ದದ್ದು.

"ಗುರೂಜಿ ಬಂದ್ರು, ಗುರೂಜಿ ಬಂದ್ರು! ದಾರಿ ಬಿಡ್ರಿ!" ಎಂದು ಅಧ್ಯಕ್ಷರು ನನ್ನನ್ನು ಮುಂದಕ್ಕೆ ಎಳೆದರು. ಹಾಳೆಯನ್ನು ನನ್ನ ಮುಖಕ್ಕೆ ಹಿಡಿದು, "ನೀವ ಹೇಳ್ರಿ ಗುರೂಜಿ. ಇದು ನೀವ ಕಲಿಸಿದ್ದಲ್ಲೇನ್ರಿ?" ಎಂದರು.

ಆ ಮನುಷ್ಯನೂ ನನ್ನನ್ನು ನೋಡಿದ. ಇಸ್ತ್ರಿ ಅಂಗಿ, ಕಿಸೆಯಲ್ಲಿ ಪೆನ್ನು. ಅವನಿಗೆ ಜೀವ ಬಂದಂತಾಯಿತು ಎಂದು ನನಗೆ ಕಂಡಿತು. ನಾನು ಅವನ ಪರವಾಗಿಯೇ ಬಾಯಿ ತೆರೆದೆ. ಅದು ಸಾಬೀತಾದ ಮಾತಲ್ಲ, ಮಕ್ಕಳ ತರ್ಕವಷ್ಟೇ ಎಂದು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟು:

"ಅದು ಬರೇ ಅನುಮಾನ ಐತ್ರಿ."

"ಕೇಳಿದ್ರಿಲ್ಲೋ?" ಎಂದು ಅಧ್ಯಕ್ಷರು ಕೈಯೆತ್ತಿ ಕೂಗಿದರು. "ಗುರೂಜಿಗೂ ಅನುಮಾನ ಐತಿ!"

ಕಬ್ಬಿಣದ ಪಟ್ಟಿ ಆ ಮನುಷ್ಯನ ಭುಜದ ಮೇಲೆ ಬಿದ್ದ ಶಬ್ದವನ್ನು ನಾನು ಬರೆಯಲಾರೆ. ಒಣಗಿದ ಕಟ್ಟಿಗೆಗೂ ಹಸಿ ಕಟ್ಟಿಗೆಗೂ ನಡುವಿನ ಒಂದು ಶಬ್ದ. ನಾನು "ಅಲ್ರೀ, ಹಂಗಲ್ರೀ, ಅನುಮಾನ ಅಂದ್ರ..." ಎಂದು ಕೂಗತೊಡಗಿದೆ. ಆ ಗದ್ದಲದ ನಡುವೆ, ಒಬ್ಬ ಮನುಷ್ಯನ ರಕ್ತ ಮಣ್ಣಿಗೆ ಬೀಳುತ್ತಿರುವಾಗ, ನಾನು ಒಂದು ಪದದ ಅರ್ಥ ವಿವರಿಸುತ್ತಿದ್ದೆ. "ಅನುಮಾನ ಅಂದ್ರ ಎರಡ ಅರ್ಥ ಆಗ್ತಾವ್ರಿ..." ಯಾರೋ ನನ್ನನ್ನು ಮೊಣಕೈಯಿಂದ ಹಿಂದಕ್ಕೆ ದೂಡಿದರು. ಮುದುಕನಿಗೆ ಕಲ್ಲು ಸಿಕ್ಕಿತ್ತು. ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು.

ಈಗ ಎಷ್ಟೋ ಸಲ ಆ ಗಳಿಗೆಯನ್ನು ಹಿಂದಕ್ಕೆ ತಿರುಗಿಸಿ ನೋಡುತ್ತೇನೆ. ಒಳಗೆ ಒಂದು ಕೂಸು ಇದೆ ಎಂದು ನಿಜವಾಗಿ ನಂಬಿದವರು ಮೊದಲು ಏನು ಮಾಡುತ್ತಾರೆ? ಚೀಲ ಬಿಚ್ಚುತ್ತಾರೆ. ಕೂಸಿಗೆ ಉಸಿರು ಬೇಕಲ್ಲ. ಅಷ್ಟು ಜನರಲ್ಲಿ ಒಬ್ಬನೂ ಸುತಳಿಗೆ ಕೈ ಹಾಕಲಿಲ್ಲ. "ಮುಟ್ಟಬ್ಯಾಡ್ರಿ, ಪಂಚನಾಮಾ ಆಗ್ಬೇಕು," ಎಂದ ಒಬ್ಬ ತಿಳಿದವ. ಯಾರ ಮನೆಯ ಕೂಸು ಕಾಣೆಯಾಗಿದೆ ಎಂದು ಒಬ್ಬನೂ ಕೇಳಲಿಲ್ಲ. ಕೂಸು ಯಾರಿಗೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಹೊಡೆಯಲು ಒಂದು ಮೈ. ನಾನೂ ಬಿಚ್ಚಲಿಲ್ಲ. ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ ಆ ಚೀಲ ಇತ್ತು.

ಬಿಚ್ಚಿದವಳು ಶಾಲೆಯಲ್ಲಿ ಖಿಚಡಿ ಮಾಡುವ ಮಾವಶಿ. ಊರ ಹೊರಗಿನ ವಸ್ತಿಯಿಂದ ಬರುವ ವಿಧವೆ, ಐವತ್ತು ದಾಟಿದವಳು. ಕುರಿಯವರ ಹುಡುಗಿ ಅಡುಗೆಮನೆಗೆ ಓಡಿ ಅವಳ ಸೆರಗು ಹಿಡಿದು ಎಳೆದು ತಂದಿದ್ದಳು. ಮಾವಶಿಯ ಕೈಯಲ್ಲಿ ಖಿಚಡಿಯ ದೊಡ್ಡ ಸೌಟು ಹಾಗೇ ಇತ್ತು. ಅದರಿಂದಲೇ ಇಬ್ಬರ ಬೆನ್ನಿಗೆ ಬಾರಿಸಿ ದಾರಿ ಮಾಡಿಕೊಂಡಳು.

"ಸರೀರಲೇ ಭಾಡ್ಯಾಗೋಳ್ರಾ! ನಿಮ್ಮ ಕೈಯಾಗ ಹುಳಾ ಬೀಳ್ಲಿ! ಅದು ನನ್ನ ಕೂದಲಾ ಐತಿ!"

"ಮಾವಶಿ, ನೀ ಹಿಂದಕ ಸರಿ. ಬಾಳ ಐತಿ ಅಂತ ಅಂವಾನ ಅಂದಾನ," ಎಂದರು ಅಧ್ಯಕ್ಷರು.

"ನಿನ್ನ ತಲಿ ಐತಿ! ಅಂವ ಬಾಲ ಅಂತಾನ, ಕೂದಲಕ್ಕ. ನಿನ್ನೆ ನಮ್ಮ ವಸ್ತ್ಯಾಗ ಹಂಗಽ ಒದರಕೋತ ಬಂದಿದ್ದ. ನಾನಾನ ಕೊಟ್ಟೇನಿ, ಒಂದ ಡಬ್ಬಿ ತಗೊಂಡೇನಿ. ನೋಡ ಬಾ!"

ಅವಳು ಮಣ್ಣಲ್ಲಿ ಕೂತು, ಆ ಮನುಷ್ಯನ ಕಾಲುಗಳ ನಡುವಿನಿಂದ ಚೀಲವನ್ನು ಎಳೆದು, ಹಲ್ಲಿನಿಂದ ಸುತಳಿ ಕಚ್ಚಿ ಹರಿದು, ತಲೆಕೆಳಗು ಮಾಡಿ ಕೊಡವಿದಳು.

ಕೂದಲು. ಕರಿ, ಬಿಳಿ, ಮದರಂಗಿ ಹಚ್ಚಿದ ಕೆಂಪು. ಉಂಡೆ ಉಂಡೆಯಾಗಿ, ಜಡೆಗಟ್ಟಿ, ಎಣ್ಣೆ ಜಿಡ್ಡು ಹಿಡಿದು, ಗೋಡೆಯ ಮಣ್ಣು ಮೆತ್ತಿಕೊಂಡು. ಅದರ ಕಮಟು ವಾಸನೆ ಬಿಸಿಲಿನಲ್ಲಿ ಮೇಲೆದ್ದಿತು. ಗಾಳಿ ಬಂದು ಎಳೆಗಳು ಜನರ ಕಾಲಿಗೆ, ಚಪ್ಪಲಿಗೆ ಸುತ್ತಿಕೊಂಡವು.

"ಇಶ್ಶೀ!" ಎಂದು ಎಲ್ಲರೂ ಹಿಂದೆ ಜಿಗಿದರು. ಮುದುಕ ಕಲ್ಲು ಕೆಳಗೆ ಹಾಕಿ ಪಂಚೆ ಎತ್ತಿ ಹಿಡಿದುಕೊಂಡ. ಇಬ್ಬರು ಮೂವರು ಉಗುಳಿದರು. ಮೊಬೈಲ್ ಹಿಡಿದವನೊಬ್ಬ ಮೂಗು ಮುಚ್ಚಿದ. ಅಷ್ಟು ಹೊತ್ತು ಒಬ್ಬನ ಕಿವಿಯಿಂದ ರಕ್ತ ಸುರಿಯುವುದನ್ನು ಹತ್ತಿರ ಬಂದು ಬಂದು ನೋಡಿದವರು, ತಮ್ಮ ತಮ್ಮ ಮನೆಯ ಹೆಂಗಸರ ಕೂದಲಿಗೆ ಹೇಸಿದರು.

"ಹೇಳಬೇಕಿಲ್ಲೇನೋ ಮೊದಲ? ಸುಮ್ಮ ಸುಮ್ಮಕ ಹೊಡಿಸಿಕೊಂಡಿ," ಎಂದರು ಅಧ್ಯಕ್ಷರು ಆ ಮನುಷ್ಯನಿಗೆ. ಹಾಗೆಯೇ ಅಂದರು, ತಪ್ಪು ಅವನದೆಂಬಂತೆ. ಆಮೇಲೆ ಅವನಿಗೊಂದು ಚಹಾ ತರಿಸಿದರು. ಅವನು ಅದನ್ನು ಕುಡಿಯಲಿಲ್ಲ. ಪಂಕ್ಚರ್ ಅಂಗಡಿಯವ ಕಬ್ಬಿಣದ ಪಟ್ಟಿಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಎಲ್ಲಿ ಐತಿ ನಿನ್ನ ಗಾಡಿ, ನಡಿ ತಗೀತೇನಿ," ಎಂದ. ಅದೇ ಪಟ್ಟಿಯಿಂದ. ಆ ಮನುಷ್ಯ ಅವನ ಮುಖವನ್ನೂ ನೋಡಲಿಲ್ಲ. ದವಾಖಾನೆಗೆ ಹೋಗೋಣ, ಬೈಕಿನ ಮೇಲೆ ಕರೆದೊಯ್ಯುತ್ತೇನೆ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವನು ನನ್ನಿಂದಲೂ ದೂರ ಸರಿದ. ಮೊಣಕಾಲೂರಿ ಕೂತು, ಒಂದೇ ಕೈಯಿಂದ ಮಣ್ಣಿನಿಂದ ಕೂದಲು ಹೆಕ್ಕಿ ಚೀಲಕ್ಕೆ ತುಂಬತೊಡಗಿದ. ಇನ್ನೊಂದು ಕೈ ಏಳುತ್ತಿರಲಿಲ್ಲ.

ಮಾವಶಿಯೂ ಅವನ ಜೊತೆ ತುಂಬಿಸಿದಳು. ಕುರಿಯವರ ಹುಡುಗಿ ಕೂತು ಮುಳ್ಳು, ಬೇವಿನ ಕಡ್ಡಿ ಬಿಡಿಸಿ ಬಿಡಿಸಿ ಕೊಟ್ಟಳು. ನಾನೂ ಬಗ್ಗಿದೆ. ಒಂದು ಉಂಡೆ ಎತ್ತಿದೆ. ಅದರಲ್ಲಿ ಹೇನಿನ ಸೀರು ಬಿಳಿ ಬಿಳಿಯಾಗಿ ಅಂಟಿತ್ತು, ಅದರ ಮೇಲೆ ಅವನ ರಕ್ತ. ನನಗೆ ವಾಂತಿ ಬಂತು. ಗೋಡೆಯ ಮರೆಗೆ ಹೋಗಿ ಕಾರಿಕೊಂಡೆ. ತಿರುಗಿ ಬರುವಷ್ಟರಲ್ಲಿ ಅವನು ಚೀಲ ಹೊತ್ತುಕೊಂಡು ಫಾಟಾದ ಕಡೆ ಹೊರಟಿದ್ದ. ಒಂದು ಭುಜ ಇಳಿದಿತ್ತು. ನಮ್ಮ ನಾಯಿಗಳು ಕೂಡ ಅವನಿಗೆ ಬೊಗಳಲಿಲ್ಲ.

ಮುಖ್ಯಾಧ್ಯಾಪಕರು ಇದಿಷ್ಟೂ ಹೊತ್ತು ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಸಂಜೆ ನನ್ನನ್ನು ಕರೆದು ಕೂರಿಸಿದರು.

"ಕುಂದ್ರಿ ಸರ್. ಮನಸಿಗೆ ಹಚಗೋಬ್ಯಾಡ್ರಿ. ಗೇಟಿನ ಹೊರಗ ಆಗೇತಿ. ನಮ್ಮ ಸಾಲಿಗೇನ ಸಂಬಂಧ ಇಲ್ಲ."

"ಹಾಳಿ ನಮ್ಮ ಸಾಲೀದರಿ," ಎಂದೆ.

"ಹಾಳಿ ಎಲ್ಲಿ ಐತ್ರಿ ಈಗ? ಯಾರ ಕೇಳತಾರ?" ಎಂದು ಮೊಬೈಲ್ ನನ್ನ ಕಡೆ ತಿರುಗಿಸಿದರು. "ಇದನ್ನ ನೋಡ್ರಿ. ನಿನ್ನಿ ಫೋಟೋ ಸಾಹೇಬರಿಗೆ ಭಾಳ ಸೇರ್ಯಾವ. ಅಮೂರ್ತ ಸಂಕಲ್ಪನಾ ಚಲೋ ಕಲಿಸ್ಯಾರ ಅಂತ ಬರದಾರ. ಮುಂದಿನ ತರಬೇತ್ಯಾಗ ನೀವ ಮಾಡಿ ತೋರಸ್ಬೇಕಂತ."

ಫೋಟೋದ ಕೆಳಗೆ ಸಾಲುಸಾಲು ಚಪ್ಪಾಳೆಯ ಗುರುತುಗಳಿದ್ದವು. ನಾನು ಎದ್ದು ಬಂದೆ. ದೂರು ಕೊಡುತ್ತೇನೆ, ಬರೆದು ಕೊಡುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಮನೆಗೆ ಬಂದು ಸ್ನಾನ ಮಾಡಿದೆ. ಬರೆದು ಕೊಡಲಿಲ್ಲ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೊಡೆದವರೆಲ್ಲರ ಹೆಸರು ಗೊತ್ತಿತ್ತು. ಅವರ ಮಕ್ಕಳು ನನ್ನ ಹಾಜರಿ ಪುಸ್ತಕದಲ್ಲಿವೆ.

ಹಾಳೆ ಎರಡು ದಿನ ಬಿಟ್ಟು ನನಗೇ ಸಿಕ್ಕಿತು, ಬೇವಿನ ಬುಡದಲ್ಲಿ ಮುದುಡಿ ಬಿದ್ದಿತ್ತು. ಬಿಡಿಸಿ ಓದಿದೆ. ಕುರಿಯವರ ಹುಡುಗಿಯ ಗುಂಡು ಅಕ್ಷರ. ನಿರೀಕ್ಷಣೆಯ ಕೆಳಗೆ ಅಧ್ಯಕ್ಷರು ಓದಿದ ಮೂರು ಸಾಲು. ಅನುಮಾನದ ಕೆಳಗೆ ಎರಡು ಸಾಲಿದ್ದವು. ಮೊದಲನೆಯದು: ಕೂದಲು ಕೊಳ್ಳುವವ ಇರಬಹುದು. ಎರಡನೆಯದು: ಹುಡುಗರ ಕಳ್ಳ ಇರಬಹುದು. ಎಲ್ಲ ಅನುಮಾನಗಳನ್ನೂ ಬರೆಯಬೇಕೆಂದು ನಾನು ಹೇಳಿದ್ದೆನಲ್ಲ. ಅಧ್ಯಕ್ಷರಿಗೆ ಓದಲು ಚೆನ್ನಾಗಿ ಬರುತ್ತದೆ. ಮೊದಲನೆಯ ಸಾಲನ್ನು ಅವರ ಕಣ್ಣು ಹಾರಿಸಿತ್ತು, ಎರಡನೆಯ ಸಾಲಿನ 'ಇರಬಹುದು' ಬಾಯಲ್ಲೇ ಉಳಿದಿತ್ತು. ಮೂರನೆಯ ಕಾಲಮ್ ನಾನು ಹಲಗೆಯ ಮೇಲೆ ಬಿಟ್ಟ ಹಾಗೆಯೇ ಖಾಲಿ.

ಆ ಹುಡುಗಿಯನ್ನು ಒಬ್ಬಳನ್ನೇ ಕರೆದು, ನಿನ್ನದು ಸರಿಯಿತ್ತು, ಮೊದಲಿನದೇ ಸರಿ ಎಂದೆ. ಅವಳು ನೆಲ ನೋಡುತ್ತ, "ಎರಡನೇದ್ದು ಯಾಕ ಬರದೆ ಅಂತ ಅಜ್ಜಿ ಹೊಡದಳ್ರಿ," ಎಂದಳು. ನಾನು ಹೇಳಿದ್ದಕ್ಕೆ ಬರೆದಳೆಂದು ಹೇಳಲು ಅವಳ ಮನೆಗೆ ಹೋಗಬೇಕಿತ್ತು. ಹೋದೆ, ಆದರೆ ಒಂದು ವಾರ ತಡವಾಗಿ. ಅಜ್ಜಿ ನೀರು ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿ, "ಕಲಸ್ರಿ ಗುರೂಜಿ, ಕಲಸ್ರಿ. ಅಕಿಗೆ ಮೊದಲ ಇದೆಲ್ಲಾ ಬರ್ತಿತ್ತು," ಎಂದಳು. ಅದು ಕುಹಕವೋ ಗೌರವವೋ ನನಗೆ ಇವತ್ತಿಗೂ ತಿಳಿದಿಲ್ಲ.

ಕಪಾಟಿನ ಮೇಲಿನ ಚೀಲವನ್ನು ತರಗತಿಯ ಮುಂದೆ ಇಳಿಸಿದ್ದು ಅದಾದ ಎಷ್ಟೋ ವಾರಗಳ ಮೇಲೆ. ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಆ ಪದವನ್ನು ನನ್ನ ಕೈ ಬರೆಯಲು ಒಪ್ಪಲಿಲ್ಲ. ಒಳಗೇನಿದೆ ಎಂದು ಕೇಳಿದೆ. ಒಬ್ಬರೂ ಕೈ ಎತ್ತಲಿಲ್ಲ. ವಾಚಾಳಿ ಹುಡುಗ ಕೂಡ ಬಾಯಿ ಬಿಡಲಿಲ್ಲ, ಅವನ ಅಪ್ಪ ಅವತ್ತು ಮೊಬೈಲ್ ಹಿಡಿದವರಲ್ಲಿ ಒಬ್ಬ. ಕುರಿಯವರ ಹುಡುಗಿ ಎದ್ದು ಬಂದು, ನನ್ನನ್ನು ಕೇಳದೆಯೇ, ಸುತಳಿ ಬಿಚ್ಚಿದಳು. ತೆನೆಗಳಿಗೆ ಹುಳ ಬಿದ್ದಿತ್ತು. ಕಾಯಿ ಕೊಳೆತು ನಾತ ಹೊಡೆಯಿತು. ಲೋಟ ಮಾತ್ರ ಹಾಗೇ ಇತ್ತು. ಮಕ್ಕಳು ಮೂಗು ಮುಚ್ಚಿಕೊಂಡು ನೋಡಿದವು. ಯಾರೂ ನಗಲಿಲ್ಲ.

ಅವಳು ಲೋಟವನ್ನು ತೊಳೆದು ತರಲು ಅಡುಗೆಮನೆಗೆ ಒಯ್ದಳು. ಚೀಲವನ್ನು ಎಸೆಯಲೆಂದು ನಾನೂ ಹಿಂದೆ ಹೋದೆ. ಅಲ್ಲಿ ಒಲೆಯ ಮೇಲಿನ ಗೋಡೆಯ ಸಂದಿನಲ್ಲಿ ಕೂದಲಿನ ಒಂದು ಉಂಡೆ ಇತ್ತು, ಮುಷ್ಟಿಯಷ್ಟು ದೊಡ್ಡದು. ಮಾವಶಿಯದು. ಈಗ ಊರಿನ ಮನೆಮನೆಯ ಗೋಡೆಯಲ್ಲೂ ಹೀಗೆ ಉಂಡೆಗಳು ದಪ್ಪವಾಗುತ್ತಿವೆ. ಅವತ್ತಿನಿಂದ ಯಾರೂ ಕೊಳ್ಳಲು ಬಂದಿಲ್ಲ, ಬುಟ್ಟಿಯ ಹೆಂಗಸರು ಕೂಡ.

ಹುಡುಗಿ ಆ ಉಂಡೆಯನ್ನು ನೋಡಿ ಕೇಳಿದಳು, "ಅಂವ ಮತ್ತ ಬರ್ತಾನೇನ್ರಿ ಸರ್?"

ನನ್ನ ಅನುಮಾನ ಏನೆಂದರೆ, ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಮಾವಶಿ ಸೌಟಿನಿಂದ ಖಿಚಡಿಯ ತಳ ಕೆರೆಯುತ್ತ, ತಲೆ ಎತ್ತದೆ ಹೇಳಿದಳು, "ಯಾಕ ಬರ್ತಾನ?"